ಗೆಣಸಿನ ಬುಟ್ಟಿಯ ಡೇರೆ

ಬೆಳಿಗ್ಗೆ ಗೋಡೆಯ ಆಚೆಯಿಂದ "ಅಕ್ಕೋರೇ" ಎಂಬ ಕೂಗು ಬಂತೆಂದರೆ ನನ್ನ ಚಹಾ ಆರಿತೆಂದೇ ಲೆಕ್ಕ. ಪರಿಮಳ ಕೂಗಿದ್ದಾಳೆ ಎಂದ ಮಾತ್ರಕ್ಕೆ ಏನೋ ಆಗಿದೆ ಎಂದುಕೊಳ್ಳಬೇಕಾಗಿಲ್ಲ. ರಾತ್ರಿ ಹೆಪ್ಪು ಹಾಕಿದ ಹಾಲು ಮೊಸರಾಗಿಲ್ಲ. ಬಚ್ಚಲಿನ ನಲ್ಲಿ ಮತ್ತೆ ಸೋರುತ್ತಿದೆ. ಬೆಕ್ಕು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಮತ್ತೊಮ್ಮೆ ಜಾಗ ಬದಲಾಯಿಸಿದೆ, ಈ ಸಲ ಗಂಡನ ಮಡಿಸಿಟ್ಟ ಪಂಚೆಯ ಮೇಲೆ. ಬಸಳೆಯ ಎಲೆಗೆಲ್ಲ ಚುಕ್ಕೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಎರಡೂ ಮೊಣಕೈಗಳನ್ನು ಗೋಡೆಯ ಮೇಲೆ ಊರಿ, "ಸಾಕಾಗಿ ಹೋಯ್ತು ಅಕ್ಕೋರೆ" ಎನ್ನುತ್ತಾಳೆ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕರೆಯುತ್ತಾರೆ. ಊರಿದ ಮೊಣಕೈಗೆ ಗೋಡೆಯ ಸುಣ್ಣ ಹತ್ತುವ ಮೊದಲೇ ಅವಳು ಹೋಗಿರುತ್ತಾಳೆ.

ಪಾಠ ಹೇಳುವ ಹೆಂಗಸರನ್ನು ಈ ಕಡೆ ಅಕ್ಕೋರು ಎನ್ನುವುದು ರೂಢಿ. ನಾನು ಶಾರದವ್ವ, ಬನವಾಸಿಯ ಆಚೆ ಬಯಲು ಸೀಮೆಯವಳು. ಶಿರಸಿಯ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತ ತಲೆ ಹಣ್ಣಾಯಿತು. ನಿವೃತ್ತಿಯಾದ ಮೇಲಾದರೂ ಯಾರ ಗಲಾಟೆಯೂ ಇಲ್ಲದೆ ಕೂರಬೇಕೆಂದು ಹುಲೇಕಲ್ ರಸ್ತೆಯ ಈ ಓಣಿಯಲ್ಲಿ ಮನೆ ಮಾಡಿದೆ. ದೇವರು ಪಕ್ಕದ ಮನೆಯಲ್ಲಿ ಪರಿಮಳನನ್ನು ಇಟ್ಟಿದ್ದ. ನನಗೆ ಮೊದಲಿನಿಂದಲೂ ತಾಳ್ಮೆ ಕಡಿಮೆ. ಮೊಸರಾಗದಿದ್ದರೆ ಮಜ್ಜಿಗೆ ಮಾಡಿ ಕುಡಿಯಿರಿ, ನನಗೇಕೆ ಹೇಳುತ್ತೀರಿ ಎಂದು ಎಷ್ಟೋ ಸಲ ಬಾಯಿಯ ತನಕ ಬಂದಿದೆ. ಆದರೆ ಅವಳ ಮುಖ ನೋಡಿದರೆ ಆ ಮಾತು ಹೊರಗೆ ಬರುವುದಿಲ್ಲ. ಅವಳಿಗೆ ಬೇರೆ ಯಾರ ಹತ್ತಿರವೂ ಹೇಳಿಕೊಳ್ಳಲು ಆಗುವುದಿಲ್ಲ ಎಂಬುದು ಆ ಮುಖದಲ್ಲೇ ಇರುತ್ತದೆ.

ಅವಳ ದಣಿವನ್ನು ಅಳೆಯಲು ನನ್ನ ಹತ್ತಿರ ಒಂದು ಉಪಾಯವಿದೆ. ನನ್ನ ಜೊತೆ ಅವಳು ಆಡುವುದು ಪೇಟೆಯ ಕನ್ನಡ. ತೀರಾ ಸೋತು ಹೋದ ದಿನ ಮಾತ್ರ ಅವಳಿಗೆ ಗೊತ್ತಿಲ್ಲದಂತೆ ಮನೆಯ ಮಾತು, ಹವ್ಯಕರ ಕನ್ನಡ, ಹೊರಬೀಳುತ್ತದೆ. "ನಾನು" ಹೋಗಿ "ಆನು" ಬರುತ್ತದೆ, "ನನಗೆ" ಹೋಗಿ "ಎಂಗೆ" ಬರುತ್ತದೆ, "ಇಲ್ಲ" ಹೋಗಿ "ಇಲ್ಲೆ" ಬರುತ್ತದೆ. ಆ ವರ್ಷ ಶಿವರಾತ್ರಿಯ ನಂತರ ಅವಳು ನನ್ನ ಹತ್ತಿರ ಪೇಟೆಯ ಕನ್ನಡ ಆಡಿದ್ದು ಕಡಿಮೆ.

ಅವಳ ಮನೆಯಲ್ಲಿ ಇರುವವರು ಮೂರೇ ಜನ. ಗಂಡ ಶಾಂತಾರಾಮ, ಸೊಸೈಟಿಯ ಕೆಲಸದಿಂದ ನಿವೃತ್ತ. ಒಳ್ಳೆಯ ಮನುಷ್ಯ, ಎದುರಿಗೆ ಇರುವೆ ಬಂದರೂ ದಾರಿ ಬಿಡುವವರು. ಆದರೆ ಕುಡಿದ ಲೋಟ ಎತ್ತಿಡುವುದನ್ನು ಅವರಿಗೆ ಯಾರೂ ಕಲಿಸಿಲ್ಲ. ಮಗಳು ಮಧುರಾ ಮದುವೆಯಾಗಿ ಯಲ್ಲಾಪುರದಲ್ಲಿ ತನ್ನ ಸಂಸಾರದಲ್ಲಿದ್ದಾಳೆ. ಇನ್ನುಳಿದವರು ಅತ್ತೆ ಮಾದೇವಮ್ಮ. ಎಂಬತ್ತು ದಾಟಿದ್ದರೂ ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಮಾದೇವಮ್ಮನ ಬಗ್ಗೆ ಹೇಳಬೇಕೆಂದರೆ ಡೇರೆಯ ಬಗ್ಗೆ ಹೇಳಲೇಬೇಕು. ಡೇರೆ ಎಂದರೆ ಗುಡಾರವಲ್ಲ, ಡೇಲಿಯಾ ಹೂವಿಗೆ ಈ ಕಡೆಯ ಹೆಸರು. ನಮ್ಮ ಬಯಲು ಸೀಮೆಯ ಕಡೆ ಹೂವೆಂದರೆ ಸೇವಂತಿಗೆ, ಮಲ್ಲಿಗೆ, ಮುಡಿಯುವುದು, ಮುಗಿಯಿತು. ಇಲ್ಲಿನ ಹೆಂಗಸರಿಗೆ ಮಳೆಗಾಲ ಬಂತೆಂದರೆ ಡೇರೆಯ ಹುಚ್ಚು ಹಿಡಿಯುತ್ತದೆ. ತಟ್ಟೆಯಗಲ ಬಿಡುವ ಆ ಹೂವನ್ನು ಮುಡಿಯುವವರೂ ಇಲ್ಲ, ಕೀಳುವವರೂ ಇಲ್ಲ. ಅಂಗಳದಲ್ಲಿ ನಿಲ್ಲಿಸಿ ನೋಡುವುದು ಅಷ್ಟೆ. ನೆಂಟರ ಮನೆಗೆ ಹೋದವರು ಮೊದಲು ಡೇರೆಯನ್ನು ಮಾತಾಡಿಸಿ, ಆಮೇಲೆ ಮನೆಯವರನ್ನು ಮಾತಾಡಿಸುತ್ತಾರೆ. ಹೂವಿನ ಕಾಲ ಮುಗಿದ ಮೇಲೆ ಗಡ್ಡೆ ಕಿತ್ತು ಒಣಗಿಸಿ ಜೋಪಾನ ಮಾಡುತ್ತಾರೆ. ಆ ಗಡ್ಡೆ ಕೇಳಿದವರಿಗೆ ಇಲ್ಲ ಎನ್ನಬಾರದು. ನಿನ್ನ ಕೆಂಪಿಗೆ ನನ್ನ ನೇರಳೆ ಎಂದು ಕೊಟ್ಟು ತಂದು ಮಾಡಬೇಕು. ಅದು ಇಲ್ಲಿನ ಕಟ್ಟಳೆ.

ಮಾದೇವಮ್ಮನ ಹತ್ತಿರ ಒಂದು ಡೇರೆ ಇತ್ತು. ಆಗಷ್ಟೇ ಕಾಯಿಸಿದ ತುಪ್ಪದ ಬಣ್ಣ, ದಳದ ತುದಿಗೆ ಮಾತ್ರ ಇಷ್ಟೇ ಇಷ್ಟು ಕೆಂಪು. ಯಾವ ಕಾಲದಲ್ಲೋ ಯಲ್ಲಾಪುರದ ನೆಂಟರಿಂದ ತಂದಿದ್ದಂತೆ. ಆ ನೆಂಟರು ಮನೆ ಮಾರಿ ಹೋಗಿ, ಅಲ್ಲಿ ಅದರ ಬೇರೂ ಉಳಿದಿಲ್ಲ. ಈ ಒಂದನ್ನು ಮಾತ್ರ ಮಾದೇವಮ್ಮ ಮನಸಾರೆ ಯಾರಿಗೂ ಕೊಟ್ಟವರಲ್ಲ. ಕೇಳಿದವರಿಗೆ ಇಲ್ಲ ಎನ್ನುವ ಹಾಗಿಲ್ಲವಲ್ಲ, ಗಡ್ಡೆ ಕೊಡುತ್ತಿದ್ದರು. ಕೊಟ್ಟ ಗಡ್ಡೆ ಯಾವ ಮನೆಯಲ್ಲೂ ಮೊಳೆಯುತ್ತಿರಲಿಲ್ಲ. ಕುದಿಯುವ ನೀರಿನಲ್ಲಿ ಒಮ್ಮೆ ಅದ್ದಿ, ಒರೆಸಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ ಎಂದು ಓಣಿಯ ಹೆಂಗಸರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಮುಖದ ಮುಂದೆ ಹೇಳುವ ಧೈರ್ಯ ಯಾರಿಗಿತ್ತು? ನನಗೂ ಇರಲಿಲ್ಲ.

ಉಳಿದ ಡೇರೆಗಳ ಗಡ್ಡೆಗಳು ಬಚ್ಚಲ ಅಟ್ಟದ ಮೇಲೆ ಇರುತ್ತಿದ್ದವು. ತುಪ್ಪದ ಡೇರೆಯದ್ದನ್ನು ಮಾತ್ರ ಅವರು ಕಳ್ಳರಿಗೆ ಹೆದರಿ ವರ್ಷಕ್ಕೊಂದು ಕಡೆ ಅಡಗಿಸುತ್ತಿದ್ದರು. ಒಂದು ವರ್ಷ ಅಕ್ಕಿ ಡಬ್ಬದ ಹಿಂದೆ, ಒಂದು ವರ್ಷ ದೇವರ ಪೀಠದ ಕೆಳಗೆ. ಸೊಸೆಗೂ ಹೇಳುತ್ತಿರಲಿಲ್ಲ. ಆ ವರ್ಷ ಅಡುಗೆಮನೆಯ ಮೂಲೆಯಲ್ಲಿ ಮರಳು ತುಂಬಿಟ್ಟ ಗೆಣಸಿನ ಬುಟ್ಟಿಯೊಳಗೆ ಹೂತಿಟ್ಟಿದ್ದರು. ಜಾಗವೇನೋ ಚೆನ್ನಾಗಿತ್ತು. ಡೇರೆ ಗಡ್ಡೆ ನೋಡಲು ಗೆಣಸಿನ ತಮ್ಮನ ಹಾಗೇ ಇರುತ್ತದೆ.

ಶಿವರಾತ್ರಿಯ ಹೊತ್ತಿಗೆ ಮಾದೇವಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಪರಿಮಳ ಆಸ್ಪತ್ರೆಗೂ ಮನೆಗೂ ಓಡಾಡಿದಳು. ಅಲ್ಲಿ ಅತ್ತೆಗೆ ಗಂಜಿ, ಇಲ್ಲಿ ಗಂಡನಿಗೆ ಊಟ. ಅಂಥ ಒಂದು ಸಂಜೆ ಮನೆಗೆ ಬಂದವಳಿಗೆ ತರಕಾರಿ ಹೆಚ್ಚುವ ತ್ರಾಣವೂ ಇರಲಿಲ್ಲ. ಮೂಲೆಯ ಬುಟ್ಟಿಗೆ ಕೈ ಹಾಕಿ, ಸಿಕ್ಕಿದ್ದನ್ನು ಮುರಿದು ತೊಳೆದು ಬೇಯಲಿಟ್ಟಳು. ಶಾಂತಾರಾಮ ಅವರು ಬೆಲ್ಲ ಹಚ್ಚಿಕೊಂಡು ತಿಂದರು. "ಈ ಸಲದ ಗೆಣಸು ಎಂತಕ್ಕೋ ಸಪ್ಪೆ" ಎಂದರಂತೆ. ಹಾಗೆಂದು ಬಿಡಲಿಲ್ಲ, ಎಲ್ಲವನ್ನೂ ಮುಗಿಸಿದರು.

ಮರುದಿನ ಬುಟ್ಟಿ ಚೊಕ್ಕ ಮಾಡುವಾಗ ಮರಳಿನಲ್ಲಿ ಒಂದು ಒಣ ದಂಟಿನ ತುಂಡು ಸಿಕ್ಕಿತು. ಅದಕ್ಕೆ ಅತ್ತೆಯ ಹಳೇ ಸೀರೆಯ ಹಸಿರು ಅಂಚಿನ ಚಿಂದಿ ಕಟ್ಟಿತ್ತು. ಮಾದೇವಮ್ಮ ಗುರುತಿಗೆ ಕಟ್ಟುವ ಚಿಂದಿ. ಪರಿಮಳ ಅದನ್ನು ಹಿಡಿದುಕೊಂಡು ಗೋಡೆಯ ಹತ್ತಿರ ಬಂದಳು. ಅವತ್ತು ಮೊಸರಿನ ಸುದ್ದಿ ಇಲ್ಲ, ಬೆಕ್ಕಿನ ಸುದ್ದಿ ಇಲ್ಲ. "ಅಕ್ಕೋರೆ, ಆನು ಬೇಯಿಸಿಬಿಟ್ಟೆ" ಎಂದಳು. ಏನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

ಮಾದೇವಮ್ಮ ಮನೆಗೆ ಬಂದರು. ಇನ್ನು ಎದ್ದು ಓಡಾಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಅವರಿಗೂ. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದರು. ಮಲಗಿದಲ್ಲಿಂದ ಎದುರಿನ ಗೇಟು, ಓಣಿ ಕಾಣುತ್ತದೆ. ಕಿಟಕಿಯ ಬುಡದ ನೆಲ ಕಾಣುವುದಿಲ್ಲ. ಮೊದಲ ಗುಡುಗು ಕೇಳಿದ ದಿನ ಸೊಸೆಯನ್ನು ಕರೆದರು. "ಗೆಣಸಿನ ಬುಟ್ಟಿಲಿ ತುಪ್ಪದ ಡೇರೆ ಗಡ್ಡೆ ಇದ್ದು. ಈ ಕಿಟಕಿ ಬುಡಕ್ಕೇ ನೆಡು. ಇದೊಂದ್ಸಲ ಹೂ ನೋಡ್ತೆ. ಮುಂದಿನ ಮಳೆಗಾಲದ ಮಾತು ಆ ದೇವರಿಗೇ ಗೊತ್ತಿದ್ದು."

"ಆತು ಅತ್ತೆ" ಎಂದಳು ಪರಿಮಳ. ಮರುದಿನ "ನೆಟ್ಯ?" ಎಂದು ಕೇಳಿದರು. "ನೆಟ್ಟೆ" ಎಂದಳು.

ಅಲ್ಲಿಂದ ಶುರುವಾಯಿತು ನೋಡಿ. ದಿನಾ ಬೆಳಿಗ್ಗೆ ಗಂಜಿ ಕುಡಿಸುವಾಗ ಅತ್ತೆ ಕೇಳುವುದು, ಸೊಸೆ ಹೇಳುವುದು. ನನ್ನ ಪಡಸಾಲೆಗೆ ಎಲ್ಲ ಕೇಳಿಸುತ್ತಿತ್ತು. ಮೊಳಕೆ ಬಂತಾ? ಒಂದು ಕಣ್ಣು ಒಡದ್ದು ಅತ್ತೆ. ಬಸವನಹುಳ ಬಂತಾ? ಬೂದಿ ಹಾಕಿದ್ದೆ. ಎಷ್ಟು ಎಲೆ? ನಾಲ್ಕು. ಇಲ್ಲದ ಗಿಡಕ್ಕೆ ಎಲೆ ಬಿಡಿಸುತ್ತ ಅವಳು ಇನ್ನಷ್ಟು ಬಾಡಿದಳು. ಮನೆಗೆಲಸ ಮಾಡಿ ದಣಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸುಳ್ಳು ಹೇಳಿ ದಣಿದವಳನ್ನು ಕಂಡದ್ದು ಇವಳನ್ನೇ.

ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಹೇಳಿಬಿಡ್ರಿ ಪರಿಮಳಾ! ನಿಮ್ಮ ಮಗಾನ ಬೆಲ್ಲ ಹಚ್ಚಿಕೊಂಡು ತಿಂದಾನ, ಹೂವು ಬೇಕಂದ್ರ ಅವನ ಹೊಟ್ಟಿ ಮ್ಯಾಲ ನೋಡ್ರಿ ಅಂತ ಹೇಳ್ರಿ. ನೀವೇನು ಬೇಕಂತ ಮಾಡೀರೇನು?"

"ಹೇಗೆ ಹೇಳುದು ಅಕ್ಕೋರೆ? ಮಲಗಿದಲ್ಲೇ ಇರುವ ಜೀವ. ಆಸೆ ಅಂತ ಇಟ್ಕೊಂಡದ್ದು ಅದೊಂದೇ."

"ಹಂಗಾರ ಎಲ್ಲಿಂದರ ತಂದು ನೆಡ್ರಿ. ಬ್ಯಾರೆ ಯಾರ ಮನ್ಯಾಗೂ ಇಲ್ಲೇನು?"

"ಅವರು ಕೊಟ್ರೆ ತಾನೆ ಇರೂದು." ಅವಳು ಉಗುರಿನಿಂದ ಗೋಡೆಯ ಮೇಲಿನ ಪಾಚಿ ಕೆರೆದಳು. ಆಮೇಲೆ ಅವಳ ಮನೆಯ ಮಾತೇ ಬಂತು. "ಒಂದು ಕಡೆ ಇದ್ದು ಅಕ್ಕೋರೆ. ಎನ್ನ ಅಪ್ಪನ ಮನೇಲಿ. ಆನು ಕದ್ದಿದ್ದೆ."

ಮದುವೆಯಾದ ಹೊಸದು. ಹುಲೇಕಲ್ಲಿನ ತವರಿನಲ್ಲಿ ಅವಳ ಅಮ್ಮನಿಗೂ ಡೇರೆಯ ಹುಚ್ಚು. ಒಂದು ಗಡ್ಡೆ ಕೊಡಿ ಎಂದು ಪರಿಮಳ ಅತ್ತೆಯನ್ನು ಕೇಳಿದಳು. ಅತ್ತೆ ಕಾಗದದಲ್ಲಿ ಸುತ್ತಿ ಕೊಟ್ಟರು. ಅವಳ ಅಮ್ಮ ಅದನ್ನು ಒಳ್ಳೆಯ ಜಾಗದಲ್ಲಿ ನೆಟ್ಟು, ದಿನಾ ಬೆಳಿಗ್ಗೆ ಬಗ್ಗಿ ನೋಡಿ, ಕೊನೆಗೆ ಕೆದಕಿ ನೋಡಿದರೆ ಒಳಗೆ ಕೊಳೆತ ಮುದ್ದೆ. ಓಣಿಯ ಗುಸುಗುಸು ಪರಿಮಳನ ಕಿವಿಗೂ ಬಿತ್ತು. ಅತ್ತೆಯನ್ನು ಕೇಳಲಿಲ್ಲ, ಹೊಸ ಸೊಸೆ ಕೇಳುವ ಮಾತೇ ಅದು? ಆಷಾಢಕ್ಕೆ ತವರಿಗೆ ಹೊರಟ ದಿನ ಬೆಳಿಗ್ಗೆ ತುಪ್ಪದ ಡೇರೆಯ ಒಂದು ಕುಡಿ ಚಿವುಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡಳು. ಅದರ ಮೇಲೇ ಅತ್ತೆ ಉಡಿ ತುಂಬಿದರು, ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ. ಬಸ್ಸಿನಲ್ಲಿ ಕುಳಿತ ಮೇಲೇ ತನಗೆ ಉಸಿರು ಬಂದದ್ದು ಎಂದಳು. ಕೇಳಿ ತಂದ ಗಿಡಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ ಎನ್ನುತ್ತಾರೆ. ಹತ್ತಿತು.

"ಹಂಗಾರ ಹೋಗಿ ತರ್ರಿ! ಇಲ್ಲೇ ಹುಲೇಕಲ್, ಏನು ಕಾಶೀ ಏನು?"

ಹುಲೇಕಲ್ ಬಸ್ಸು ನಮ್ಮ ಓಣಿಯ ತುದಿಯಲ್ಲೇ ದಿನಾ ಹಾದುಹೋಗುತ್ತದೆ. ಅದರ ಹಾರ್ನು ಅವಳ ಅಡುಗೆಮನೆಗೆ ಕೇಳಿಸುತ್ತದೆ. ಅಮ್ಮ ತೀರಿಕೊಂಡ ಮೇಲೆ ಅವಳು ಆ ಬಸ್ಸು ಹತ್ತಿದ್ದೇ ಅಪರೂಪ. ಅತ್ತೆ ಬಿದ್ದ ಮೇಲೆ ಗೇಟು ದಾಟಿದ್ದೆಂದರೆ ಔಷಧಿ ಅಂಗಡಿಗೆ. ಅದನ್ನು ಯೋಚಿಸಿ ನನಗೆ ಸಿಟ್ಟು ಬಂತು. ಅವಳ ಮೇಲೆ ಅಲ್ಲ. ಯಾರ ಮೇಲೆ ಎಂದು ಹೇಳಲು ಬರುವುದಿಲ್ಲ. "ನಾಳಿ ಹೋಗ್ರಿ. ನಿಮ್ಮ ಅತ್ತಿ ಹತ್ರ ನಾನು ಕೂಡತೀನಿ" ಎಂದುಬಿಟ್ಟೆ.

ಕೂತದ್ದಾಯಿತು. ಒಂದು ಹಗಲು ಕೂರುವಷ್ಟರಲ್ಲಿ ನನ್ನ ಬೆನ್ನು ಬಿದ್ದುಹೋಯಿತು. ನೀರು, ದಿಂಬು, ಮಗ್ಗುಲು, ಸೊಳ್ಳೆ, ಫ್ಯಾನು ಜೋರಾಯಿತು, ಫ್ಯಾನು ಸಣ್ಣದಾಯಿತು. ನಡುವೆ ಶಾಂತಾರಾಮ ಅವರು ಬಂದು, ಚಹಾಪುಡಿ ಎಲ್ಲಿರುತ್ತದೆ ಎಂದು ತಮ್ಮ ಮನೆಯ ಚಹಾಪುಡಿಯನ್ನು ನನ್ನ ಹತ್ತಿರ ಕೇಳಿದರು. ಸಂಜೆಯ ಹೊತ್ತಿಗೆ ಮಾದೇವಮ್ಮ ಕಿಟಕಿಯ ಕಡೆ ನೋಡುತ್ತ, "ಪರಿಮಳ ಅಪ್ಪನ ಮನೆಗೆ ಸುಮ್ಮಂಗೆ ಹೋಜಿಲ್ಲೆ" ಎಂದರು. "ಮತ್ತ್ಯಾಕ ಹೋಗ್ಯಾರ್ರೀ?" ಎಂದು ಕೇಳಿದೆ. ಮುದುಕಿ ಮಗ್ಗುಲು ಬದಲಿಸಬೇಕು ಎಂದರು.

ಪರಿಮಳ ದೀಪ ಹಚ್ಚುವ ಹೊತ್ತಿಗೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮಣ್ಣು ಸಮೇತ ಗೇಣುದ್ದದ ಗಿಡ. ಸೀರೆ ಬದಲಾಯಿಸದೆ, ಮೊದಲು ಕಿಟಕಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಸದ್ದಾಗದಂತೆ ನೆಟ್ಟಳು. ನಾನು ನನ್ನ ಮನೆಗೆ ಮರಳಿದ ಮೇಲೆ ಗೋಡೆಯ ಹತ್ತಿರ ಬಂದಳು. ಅವಳ ಮುಖ ಏನೋ ಬೇರೆಯಾಗಿತ್ತು.

"ನಾನು ನಿದ್ದೆ ಮಾಡಿಬಿಟ್ಟೆ ಅಕ್ಕೋರೆ" ಎಂದಳು. "ಊಟ ಮಾಡಿ ಜಗುಲಿಯಲ್ಲಿ ಒಂದು ಗಳಿಗೆ ತಲೆ ಊರಿದ್ದು ಅಷ್ಟೇ. ತಮ್ಮನ ಹೆಂಡತಿ ಎಬ್ಬಿಸಲೇ ಇಲ್ಲ. ಮಕ್ಕಳಿಗೆ ಸುಮ್ಮನಿರಿ ಅಂತ ಗದರುತ್ತಾ ಇದ್ದಳು, ಅದು ಕೇಳ್ತಾ ಇತ್ತು, ಕಣ್ಣು ಬಿಡುಕೆ ಆಗ್ಲಿಲ್ಲ. ಬಸ್ಸು ತಪ್ಪುತ್ತಿತ್ತು."

"ಗಿಡ ಇನ್ನೂ ಇತ್ತಲ್ರೀ, ಪುಣ್ಯ."

"ಇತ್ತಾ? ಅಮ್ಮ ಕೇಳಿದವರಿಗೆಲ್ಲ ಕೊಟ್ಟಿದ್ದಳಂತೆ. ಆ ಕೇರಿಯ ಅಂಗಳದಲ್ಲೆಲ್ಲ ಅದೇ." ಅವಳು ಹಿಂದೆ ತಿರುಗಿ ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದಳು. "ಅಲ್ಲಿ ಅದಕ್ಕೆ ಪರಿಮಳನ ಡೇರೆ ಅಂತಾರೆ ಅಕ್ಕೋರೆ. ನನಗೆ ಗೊತ್ತೇ ಇರಲಿಲ್ಲ. ನನ್ನ ಗುರುತಿಲ್ಲದ ಹುಡುಗೀರೂ ಪರಿಮಳನ ಡೇರೆ ಅಂತಾರೆ. ನೀವು ಯಾರ ಹತ್ರವೂ ಹೇಳಬೇಡಿ."

ಗೇಟಿನ ಬೋರ್ಡಿನಲ್ಲಿ ಶಾಂತಾರಾಮ ಅವರ ಹೆಸರಿದೆ. ಒಳಗೆ ಅವಳನ್ನು ಯಾರು ಕರೆದರೂ ಅದು ಕೆಲಸಕ್ಕೆ. ಒಂದು ಹೂವು ಅವಳ ಹೆಸರು ಇಟ್ಟುಕೊಂಡು ಪಕ್ಕದೂರಿನಲ್ಲಿ ಇಷ್ಟು ವರ್ಷ ಬಿಡುತ್ತಲೇ ಇತ್ತು, ಅವಳಿಗೆ ಗೊತ್ತಿರಲಿಲ್ಲ. ನನಗೆ ಅಳು ಬಂತು. ಶೀತವಾಗಿದೆ ಎಂದು ಹೇಳಿ ಒಳಗೆ ಬಂದೆ.

ಆಮೇಲೆ ಮತ್ತೆ ಹಳೆಯ ಗಾಡಿ, ಹಳೆಯ ದಾರಿ. ಮೊಸರು, ನಲ್ಲಿ, ಬೆಕ್ಕು. ಡೇರೆಗೆ ಎಷ್ಟು ಎಲೆ ಎಂದರೆ ಈಗ ಹೋಗಿ ಎಣಿಸಿ ಬಂದು ಹೇಳುತ್ತಿದ್ದಳು. ಮಳೆ ಹೊಡೆದು ಒಮ್ಮೆ ಗಿಡ ಅಡ್ಡ ಬಿತ್ತು, ಕೋಲು ಕೊಟ್ಟು ಕಟ್ಟಿದಳು. ಮಾದೇವಮ್ಮ ದಿನದಿನಕ್ಕೆ ಸಣ್ಣಗಾದರು. ಗಂಜಿ ಅರ್ಧ ಲೋಟಕ್ಕೆ ಇಳಿಯಿತು. ಹೂವು ಮೊದಲೋ, ಅವರು ಮೊದಲೋ ಎಂದು ನಾನೂ ಒಳಗೊಳಗೇ ಹೆದರಿದ್ದೆ. ಪರಿಮಳ ಮೊಗ್ಗಿನ ಮುಂದೆ ನಿಂತು ಕೈ ಮುಗಿಯುವುದನ್ನು ಒಂದು ಬೆಳಿಗ್ಗೆ ನೋಡಿದೆ.

ಚೌತಿಗೆ ಸ್ವಲ್ಪ ಮುಂಚೆ ಹೂವು ಬಿಟ್ಟಿತು. ಕಿಟಕಿಯ ಸರಳುಗಳ ಎತ್ತರಕ್ಕೆ ಸರಿಯಾಗಿ, ತುಪ್ಪದ ಬಣ್ಣ, ತುದಿಗೆ ಕೆಂಪು. ನಾನು ಚಹಾ ಲೋಟ ಹಿಡಿದುಕೊಂಡೇ ಅವರ ಮನೆಗೆ ಹೋದೆ. ಪರಿಮಳ ಅತ್ತೆಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಒಲೆಯ ಮೇಲೆ ಹಾಲಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು. ಮಾದೇವಮ್ಮ ಹೂವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗದೆ ಕೇಳಿದರು.

"ಹುಲೇಕಲ್ಲಿಂದ ತಂದ್ಯ?"

ಪರಿಮಳ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಉಡಿ ತುಂಬಿದ್ದು ಆನೇ ಅಲ್ದ? ಕೈಗೆ ಒದ್ದೆ ತಾಗಿತ್ತು. ಬಾಯಿ ಬಿಡಲೆ ಮನಸ್ಸು ಬಂಜಿಲ್ಲೆ." ಮುದುಕಿ ಉಸಿರು ತೆಗೆದುಕೊಂಡರು. "ಗೆಣಸಿನ ಬುಟ್ಟಿಲಿ ಇದ್ದಿದ್ದು ಎಂತ ಆತು?"

ಪರಿಮಳ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಯಿ ನನ್ನದು. "ನಿಮ್ಮ ಮಗಾರು ಬೆಲ್ಲ ಹಚ್ಚಿಕೊಂಡು ತಿಂದಾರ್ರೀ, ಗೆಣಸು ಅಂತ" ಎಂದೆ.

ಮಾದೇವಮ್ಮ ನಗಲು ಶುರುಮಾಡಿದರು. ನಗು ಕೆಮ್ಮಿಗೆ ತಿರುಗಿತು. ಪರಿಮಳ ಓಡಿ ಬಂದು ಎದೆ ನೀವಿ, ನೀರು ಕುಡಿಸಿದಳು. "ರುಚಿ ಇತ್ತಡಾ?" ಎಂದು ಕೇಳಿದರು. "ಸಪ್ಪೆ ಅಂದ" ಎಂದಳು ಪರಿಮಳ. ಮತ್ತೆ ನಕ್ಕರು.

ನನಗೆ ಗಿಡ, ಹೂವು ಎಂದರೆ ಅಷ್ಟಕ್ಕಷ್ಟೆ. ನನ್ನ ಅಂಗಳದಲ್ಲಿ ಇರುವುದು ಒಂದು ಕರಿಬೇವು, ಅದೂ ತಾನೇ ಹುಟ್ಟಿದ್ದು. ಆದರೆ ಅವತ್ತು ಸುಮ್ಮನಿರಲು ಮನಸ್ಸಾಗಲಿಲ್ಲ. ಮುದುಕಿಗೆ ಕೇಳಿಸುವ ಹಾಗೆ ದನಿಯೆತ್ತಿ, "ಪರಿಮಳಾ, ಈ ಪರಿಮಳನ ಡೇರೆದ್ದು ನನಗೂ ಒಂದು ಗಡ್ಡಿ ಬೇಕ್ರಿ. ಹುಲೇಕಲ್‌ನ್ಯಾಗ ಇದಕ್ಕ ಹಂಗ ಅಂತಾರಂತ" ಎಂದೆ.

ಪರಿಮಳ ನನ್ನನ್ನು ತಿನ್ನುವ ಹಾಗೆ ನೋಡಿದಳು. ಆಮೇಲೆ ಅತ್ತೆಯನ್ನು ನೋಡಿದಳು. ಗಾಳಿಗೆ ಹೂವು ಸರಳಿಗೆ ತಾಗಿ ಹಿಂದೆ ಹೋಯಿತು.

"ಗಡ್ಡೆ ಕೀಳುವಾಗ ಕೊಡ್ತೇನೆ ಅಕ್ಕೋರೆ" ಎಂದಳು ಪರಿಮಳ, ಸಣ್ಣ ದನಿಯಲ್ಲಿ.

"ಪರಿಮಳನ ಡೇರೆ" ಎಂದರು ಮಾದೇವಮ್ಮ, ಹೂವನ್ನೇ ನೋಡುತ್ತ. ಆಮೇಲೆ ಸೊಸೆಯ ಕಡೆ ತಿರುಗಿದರು. "ಕೊಡು. ಕೇಳಿದವಕ್ಕೆಲ್ಲ ಕೊಡು. ಬಿಸಿನೀರು ಮುಟ್ಟಿಸದೇ ಕೊಡು ಮತ್ತೆ. ಆನು ನಿಂಗೆ ಕೊಟ್ಟಾಂಗೆ ಕೊಡದು ಬ್ಯಾಡ."

ಪರಿಮಳ ಮಂಚದ ಅಂಚಿನಲ್ಲಿ ಕುಳಿತುಬಿಟ್ಟಳು. ಆ ಮನೆಯಲ್ಲಿ ಅವಳು ಹಗಲು ಹೊತ್ತು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಳಗೆ ಹಾಲು ಉಕ್ಕಿ ಒಲೆಗೆ ಸುರಿದ ವಾಸನೆ ಬಂತು. ಶಾಂತಾರಾಮ ಅವರು ಎಲ್ಲಿಂದಲೋ "ಪರಿಮಳಾ, ಹಾಲು!" ಎಂದು ಕೂಗಿದರು. ಅವಳು ಏಳಲಿಲ್ಲ.